ಪ್ಯಾಂಕ್ರಿಯಾಸ್ ಆಪರೇಷನ್: ಯಾವುದು ನಿಮ್ಮ ಆಯ್ಕೆ, ಯಾವುದು ಅಲ್ಲ

ಅತ್ತೆಯ ಸ್ಕ್ಯಾನ್ ರಿಪೋರ್ಟ್ ಬಂದ ರಾತ್ರಿ ನಮ್ಮ ಮನೆಯಲ್ಲಿ ಹನ್ನೊಂದೂವರೆವರೆಗೂ ಒಂದೇ ಚರ್ಚೆ. ರೋಬೋಟಿಕ್ ಮಾಡಿಸೋದಾ, ಹೊಟ್ಟೆ ಕೊಯ್ದು ಮಾಡುವ ಓಪನ್ ಮಾಡಿಸೋದಾ? ನಾದಿನಿ ರೋಬೋಟ್ ಪರ, ನಮ್ಮ ಯಜಮಾನರು ಓಪನ್ ಪರ, ಅರಸೀಕೆರೆಯಿಂದ ಫೋನಿನಲ್ಲಿದ್ದ ಚಿಕ್ಕಮಾವ ಯಾವುದೂ ಬೇಡ ಎನ್ನುವ ಪರ. ಮೂರು ವರ್ಷ ಆಯಿತು. ಈಗ ನೆನೆಸಿಕೊಂಡರೆ ನಗು ಬರುತ್ತದೆ, ಯಾಕೆಂದರೆ ಅವತ್ತು ಕೇಳಬೇಕಾಗಿದ್ದ ಮೂರು ಪ್ರಶ್ನೆಗಳನ್ನು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ಆ ಆಸ್ಪತ್ರೆಯಲ್ಲಿ ವರ್ಷಕ್ಕೆ ಇಂಥ ಆಪರೇಷನ್ ಎಷ್ಟು ಆಗುತ್ತವೆ? ಆಮೇಲೆ ಏನಾದರೂ ಎಡವಟ್ಟಾದರೆ ರಾತ್ರಿ ಎರಡು ಗಂಟೆಗೆ ಅಲ್ಲಿ ಯಾರಿರುತ್ತಾರೆ? ಮನೆಗೆ ಬಂದಮೇಲೆ ತಿಂದಿದ್ದು ಅರಗುವುದು ಹೇಗೆ?

ನಾನು ಡಾಕ್ಟರ್ ಅಲ್ಲ, ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಆದರೆ ಒಂದು ವಿಪಲ್ ಆಪರೇಷನ್ನನ್ನು (ಪ್ಯಾಂಕ್ರಿಯಾಸ್ ತಲೆಯ ಭಾಗ ತೆಗೆಯುವ ದೊಡ್ಡ ಆಪರೇಷನ್) ಅಡ್ಮಿಷನ್ನಿನಿಂದ ಹೊಲಿಗೆ ಬಿಚ್ಚುವವರೆಗೆ ಪಕ್ಕದಲ್ಲೇ ಕೂತು ನೋಡಿದ್ದೇನೆ, ಆಮೇಲೆ ಹುಚ್ಚು ಹಿಡಿದವಳ ಹಾಗೆ ಓದಿದ್ದೇನೆ. ನೆಂಟರಲ್ಲಿ ಯಾರಿಗಾದರೂ ಇಂಥ ರಿಪೋರ್ಟ್ ಬಂದರೆ ಈಗ ನನಗೇ ಫೋನ್ ಬರುತ್ತದೆ. ಹೇಳಿದ್ದನ್ನೇ ಹೇಳುವ ಬದಲು ಬರೆದುಬಿಡುತ್ತೇನೆ. ನಿಮ್ಮ ಡಾಕ್ಟರ್ ಬೇರೆ ಥರ ಹೇಳಿದರೆ ಅವರ ಮಾತು ಕೇಳಿ. ಆದರೆ ಯಾಕೆ ಅಂತಲೂ ಕೇಳಿ.

ಮೊದಲು ಗಡ್ಡೆ ಎಲ್ಲಿದೆ ನೋಡಿ

ಪ್ಯಾಂಕ್ರಿಯಾಸ್‌ಗೆ ಪಠ್ಯಪುಸ್ತಕದಲ್ಲಿ ಮೇದೋಜೀರಕ ಗ್ರಂಥಿ ಎಂದು ಹೆಸರು. ವಾರ್ಡಿನಲ್ಲಿ ಆ ಹೆಸರು ಹೇಳಿದರೆ ಎಲ್ಲರೂ ಮುಖ ನೋಡುತ್ತಾರೆ. ಜಠರದ ಹಿಂದೆ, ಬೆನ್ನುಮೂಳೆಗೆ ಅಡ್ಡಲಾಗಿ ಮಲಗಿರುವ ಸುಮಾರು 15 ಸೆಂಟಿಮೀಟರ್ ಉದ್ದದ ಅಂಗ ಇದು. ಊಟ ಅರಗಿಸುವ ರಸ ಮಾಡುತ್ತದೆ, ಇನ್ಸುಲಿನ್ನೂ ಮಾಡುತ್ತದೆ. ಬಲಗಡೆ ತಲೆ, ನಡುವೆ ಮೈ, ಎಡಗಡೆ ಬಾಲ.

ತಲೆ ಸಣ್ಣ ಕರುಳಿನ ಮೊದಲ ತಿರುವಿನೊಳಗೆ ಸಿಕ್ಕಿಕೊಂಡಿದೆ, ಲಿವರ್‌ನಿಂದ ಬರುವ ಪಿತ್ತನಾಳ ಅದರೊಳಗಿಂದಲೇ ಹಾದುಹೋಗುತ್ತದೆ. ಅಲ್ಲಿ ಗಡ್ಡೆ ಬೆಳೆದರೆ ಪಿತ್ತದ ಪೈಪು ಮುಚ್ಚಿಕೊಂಡು ಕಾಮಾಲೆ ಬರುತ್ತದೆ. ಇಲ್ಲೇ ನಾವು ಮೊದಲು ಎಡವಿದ್ದು. ಕಾಮಾಲೆ ಅಂದರೆ ನಮ್ಮ ಕಡೆ ಮೊದಲು ನೆನಪಾಗುವುದು ನಾಟಿ ಔಷಧಿ, ಅಲ್ವಾ? ಖಾಲಿ ಹೊಟ್ಟೆಯಲ್ಲಿ ಸೊಪ್ಪಿನ ರಸ, ಉಪ್ಪಿಲ್ಲದ ಪಥ್ಯ, ಮೂರು ವಾರ. ಕಣ್ಣು ಇನ್ನೂ ಹಳದಿಯಾಯಿತೇ ಹೊರತು ಬೇರೇನೂ ಆಗಲಿಲ್ಲ. ನೋವಿಲ್ಲದೆ ಕಾಮಾಲೆ ಬಂದು, ಮೈ ಕೆರೆತ ಇದ್ದು, ಮಲ ಸುಣ್ಣದ ಬಣ್ಣಕ್ಕೆ ತಿರುಗಿದ್ದರೆ ಪೈಪು ಎಲ್ಲೋ ಕಟ್ಟಿಕೊಂಡಿದೆ ಎಂದು ಅರ್ಥ. ಯಾವ ಸೊಪ್ಪಿನ ರಸವೂ ಅದನ್ನು ಬಿಡಿಸುವುದಿಲ್ಲ. ಸೀದಾ ಸ್ಕ್ಯಾನ್‌ಗೆ ಹೋಗಿ.

ಬಾಲದಲ್ಲಿ ಗಡ್ಡೆಯಿದ್ದರೆ ಕಾಮಾಲೆ ಸಾಮಾನ್ಯವಾಗಿ ಬರುವುದಿಲ್ಲ. ಅದಕ್ಕೇ ಅದು ತಡವಾಗಿ ಗೊತ್ತಾಗುತ್ತದೆ. ಬೆನ್ನಿಗೆ ಹೊಡೆಯುವ ನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಐವತ್ತು ದಾಟಿದಮೇಲೆ ಹೊಸದಾಗಿ ಸಕ್ಕರೆ ಕಾಯಿಲೆ ಬರುವುದು, ಇವೇ ಸುಳಿವು.

ಈಗ ಆಪರೇಷನ್ ವಿಷಯ. ತಲೆಯ ಗಡ್ಡೆಗೆ ವಿಪಲ್, ಮೈ ಮತ್ತು ಬಾಲದ ಗಡ್ಡೆಗೆ ಡಿಸ್ಟಲ್, ಗ್ರಂಥಿಯ ಉದ್ದಕ್ಕೂ ಹರಡಿದ್ದರೆ ಕೆಲವೊಮ್ಮೆ ಇಡೀ ಗ್ರಂಥಿ. ಇದನ್ನು ಆರಿಸುವುದು ನೀವೂ ಅಲ್ಲ, ಒಂದು ಲೆಕ್ಕದಲ್ಲಿ ಸರ್ಜನ್ನೂ ಅಲ್ಲ. ಗಡ್ಡೆಯ ಜಾಗವೇ ಆರಿಸಿರುತ್ತದೆ. "ಚಿಕ್ಕ ಆಪರೇಷನ್ ಮಾಡಿ ಡಾಕ್ಟ್ರೇ" ಎಂದು ಕೇಳಿ ಪ್ರಯೋಜನ ಇಲ್ಲ. ನಾವು ಕೇಳಿದ್ದೆವು.

ವಿಪಲ್ಲೂ ಡಿಸ್ಟಲ್ಲೂ ಒಂದೇ ಅಲ್ಲ

ವಿಪಲ್ ಎನ್ನುವುದು 1935ರಲ್ಲಿ ನ್ಯೂಯಾರ್ಕಿನಲ್ಲಿ ಇದನ್ನು ಎರಡು ಹಂತದಲ್ಲಿ ಮಾಡಿದ ಅಲೆನ್ ವಿಪಲ್ ಎಂಬ ಸರ್ಜನ್ ಹೆಸರು. ಅದಕ್ಕೂ ಮೊದಲು, 1909ರಲ್ಲೇ, ಬರ್ಲಿನ್ನಿನ ವಾಲ್ಟರ್ ಕೌಶ್ ಇಂಥದ್ದನ್ನು ಮಾಡಿದ್ದರು, ಹೆಸರು ಮಾತ್ರ ಇವರಿಗೆ ಹೋಯಿತು. ಇದರಲ್ಲಿ ಪ್ಯಾಂಕ್ರಿಯಾಸ್‌ನ ತಲೆ, ಸಣ್ಣ ಕರುಳಿನ ಮೊದಲ ಭಾಗ, ಪಿತ್ತಕೋಶ, ಪಿತ್ತನಾಳದ ಕೆಳತುದಿ, ಕೆಲವೊಮ್ಮೆ ಜಠರದ ತುದಿಯನ್ನೂ ತೆಗೆಯುತ್ತಾರೆ. ತೆಗೆಯುವುದು ಅರ್ಧ ಕೆಲಸ. ಉಳಿದ ಪ್ಯಾಂಕ್ರಿಯಾಸ್, ಪಿತ್ತನಾಳ, ಜಠರ ಮೂರನ್ನೂ ಮತ್ತೆ ಕರುಳಿಗೆ ಜೋಡಿಸಬೇಕು. ನಾಲ್ಕರಿಂದ ಏಳು ಗಂಟೆ ಹಿಡಿಯುತ್ತದೆ. ಹೊರಗೆ ಕೂತವರು ಐದನೇ ಗಂಟೆಗೆ ಗಾಬರಿ ಆಗಬೇಡಿ.

ಮೂರು ಜೋಡಣೆಗಳಲ್ಲಿ ತಲೆನೋವಿನದು ಪ್ಯಾಂಕ್ರಿಯಾಸ್‌ದು. ಗ್ರಂಥಿ ಮೆತ್ತಗಿದ್ದರೆ ಬೆಣ್ಣೆಗೆ ಹೊಲಿಗೆ ಹಾಕಿದ ಹಾಗೆ, ಜೊತೆಗೆ ಒಳಗಿಂದ ಬರುವ ರಸ ಮಾಂಸವನ್ನೇ ಅರಗಿಸುವಂಥದ್ದು. ಅಲ್ಲಿ ಸೋರಿದರೆ ಅದಕ್ಕೆ ಫಿಸ್ಟುಲಾ ಎನ್ನುತ್ತಾರೆ, ವಾರ್ಡಿನಲ್ಲಿ ಬರೀ ಲೀಕ್. ವಿಚಿತ್ರ ಏನೆಂದರೆ, ಗ್ರಂಥಿ ಗಟ್ಟಿಯಾಗಿ, ನಾಳ ದಪ್ಪಗೆ ಉಬ್ಬಿದ್ದರೆ ಹೊಲಿಗೆ ಚೆನ್ನಾಗಿ ಕೂರುತ್ತದೆ. ಆಪರೇಷನ್ ಮುಗಿಸಿ ಬಂದ ಸರ್ಜನ್‌ಗೆ ಎಲ್ಲರೂ "ಹೇಗಿದ್ದಾರೆ" ಅಂತ ಕೇಳುತ್ತಾರೆ, ಸರಿಯೇ. ಜೊತೆಗೆ "ಗ್ಲ್ಯಾಂಡ್ ಸಾಫ್ಟಾ, ಹಾರ್ಡಾ" ಅಂತಲೂ ಕೇಳಿ. ಮುಂದಿನ ಹತ್ತು ದಿನ ಹೇಗಿರಬಹುದು ಎನ್ನುವ ಅಂದಾಜು ಆ ಉತ್ತರದಲ್ಲಿದೆ.

ಡಿಸ್ಟಲ್‌ನಲ್ಲಿ ಎಡಗಡೆಯ ಭಾಗ ಕತ್ತರಿಸಿ ತುದಿ ಮುಚ್ಚುತ್ತಾರೆ. ಕರುಳಿಗೆ ಜೋಡಿಸುವ ಕೆಲಸ ಇಲ್ಲ. ಆದ್ದರಿಂದ ಚಿಕ್ಕ ಆಪರೇಷನ್, ಬೇಗ ಚೇತರಿಕೆ. ಅಮೆರಿಕದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾಗಿದ್ದ ರೂತ್ ಬೇಡರ್ ಗಿನ್ಸ್‌ಬರ್ಗ್ ಅವರಿಗೆ 2009ರ ಫೆಬ್ರವರಿ 5ರಂದು ಪ್ಯಾಂಕ್ರಿಯಾಸ್ ಆಪರೇಷನ್ ಆಯಿತು. 23ಕ್ಕೆ ಪೀಠದಲ್ಲಿ ಕೂತಿದ್ದರು, ಅದೂ ಎಪ್ಪತ್ತೈದರ ವಯಸ್ಸಿನಲ್ಲಿ. ಇದನ್ನು ಓದಿ ನಾದಿನಿ "ನೋಡಿ ಅತ್ತಿಗೆ, ಮೂರೇ ವಾರ" ಎಂದು ಕುಣಿದಳು. ಅವರದು ಡಿಸ್ಟಲ್, ಅಮ್ಮನದು ವಿಪಲ್ ಎಂದು ಹೇಳಬೇಕಾಯಿತು. ವಿಪಲ್ ಆದವರು ಮಾಮೂಲಿ ಓಡಾಟಕ್ಕೆ ಬರಲು ಎರಡರಿಂದ ಮೂರು ತಿಂಗಳು ಬೇಕು, ಸುಸ್ತು ಅದಕ್ಕಿಂತಲೂ ಜಾಸ್ತಿ ದಿನ ಇರುತ್ತದೆ.

ಆದರೆ ಡಿಸ್ಟಲ್ ಸುಲಭ ಎಂದು ಹಗುರ ಮಾಡಬೇಡಿ. ಮುಚ್ಚಿದ ತುದಿಯಿಂದ ಸೋರುವುದು ವಿಪಲ್‌ಗಿಂತ ಕಡಿಮೆ ಏನಲ್ಲ. ಆ ಸೋರಿಕೆ ಸಾಮಾನ್ಯವಾಗಿ ವಿಪಲ್‌ನ ಸೋರಿಕೆಯಷ್ಟು ಅಪಾಯ ಮಾಡುವುದಿಲ್ಲ, ಅಷ್ಟೇ. ಇನ್ಸುಲಿನ್ ಮಾಡುವ ಜೀವಕೋಶಗಳು ಬಾಲದ ಕಡೆ ದಟ್ಟವಾಗಿರುವುದರಿಂದ ಸಕ್ಕರೆ ಕಾಯಿಲೆ ಬರುವ ಸಂಭವವೂ ಇದೆ.

ಇನ್ನೊಂದು, ಬಾಲದ ತುದಿಗೆ ಗುಲ್ಮ, ಅಂದರೆ ಸ್ಪ್ಲೀನ್, ಅಂಟಿಕೊಂಡಿರುತ್ತದೆ. ಕ್ಯಾನ್ಸರ್ ಆಗಿದ್ದರೆ ಅದನ್ನೂ ಸೇರಿಸಿಯೇ ತೆಗೆಯುತ್ತಾರೆ. ಸಾದಾ ಗಡ್ಡೆಯಾದರೆ ಉಳಿಸಲು ಪ್ರಯತ್ನಿಸಬಹುದು. ಇಲ್ಲಿ ನಿಮಗೆ ಕೇಳುವ ಹಕ್ಕಿದೆ, ಕೇಳಿ. ತೆಗೆಯುವುದು ಖಚಿತವಾದರೆ ನ್ಯೂಮೊಕಾಕಸ್, ಮೆನಿಂಗೊಕಾಕಸ್, ಹಿಬ್ ಲಸಿಕೆಗಳನ್ನು ಆಪರೇಷನ್‌ಗೆ ಕನಿಷ್ಠ ಎರಡು ವಾರ ಮೊದಲೇ ಹಾಕಿಸಬೇಕು. ಗಡಿಬಿಡಿಯಲ್ಲಿ ಇದು ಮರೆತೇ ಹೋಗುತ್ತದೆ. ಸ್ಪ್ಲೀನ್ ಇಲ್ಲದವರಿಗೆ ಜ್ವರ ಬಂದರೆ "ನಾಳೆ ನೋಡೋಣ" ಎನ್ನುವಂತಿಲ್ಲ, ಅದೇ ದಿನ ಆಸ್ಪತ್ರೆ. ನಾಯಿ ಕಚ್ಚಿದರೂ ಬರೀ ರೇಬೀಸ್ ಇಂಜೆಕ್ಷನ್ ಸಾಲದು, ಸ್ಪ್ಲೀನ್ ಇಲ್ಲ ಎಂದು ಡಾಕ್ಟರ್‌ಗೆ ಹೇಳಲೇಬೇಕು. ನಮ್ಮ ಬೀದಿಗಳನ್ನು ನೋಡಿದರೆ ಇದು ತಮಾಷೆಯ ಮಾತಲ್ಲ.

ಇಡೀ ಗ್ರಂಥಿ ತೆಗೆಯುವುದು ಮೂರನೆಯದು. ತಲೆನೋವಿನ ಆ ಪ್ಯಾಂಕ್ರಿಯಾಸ್ ಜೋಡಣೆ ಇರುವುದಿಲ್ಲ, ಅದೊಂದು ಲಾಭ. ಆದರೆ ಅವತ್ತಿನಿಂದಲೇ ಜೀವನಪೂರ್ತಿ ಇನ್ಸುಲಿನ್. ಸಕ್ಕರೆ ಏರಿಸುವ ಗ್ಲೂಕಗಾನ್ ಕೂಡ ಇಲ್ಲದಿರುವುದರಿಂದ ಸಕ್ಕರೆ ದಿಢೀರನೆ ಕುಸಿಯುತ್ತದೆ. ಮನೆಯಲ್ಲಿ ರಾತ್ರಿ ಎದ್ದು ಚೆಕ್ ಮಾಡುವವರು ಇದ್ದಾರಾ ಎಂದು ಮೊದಲೇ ಯೋಚಿಸಬೇಕು.

ಕಾಯುವುದೂ ಒಂದು ಆಯ್ಕೆ, ಕೆಲವೊಮ್ಮೆ

ಸ್ಕ್ಯಾನ್‌ನಲ್ಲಿ ಕಂಡಿದ್ದೆಲ್ಲ ಕ್ಯಾನ್ಸರ್ ಅಲ್ಲ. ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ ಪ್ಯಾಂಕ್ರಿಯಾಸ್‌ನಲ್ಲಿ ಸಣ್ಣ ನೀರುಗುಳ್ಳೆ ಸಿಗುವುದು ಈಗ ಸಾಮಾನ್ಯ. ಪ್ಯಾಂಕ್ರಿಯಾಸ್ ನಾಳದ ಪಕ್ಕದ ಕವಲಿನಲ್ಲಿರುವ ಸಣ್ಣ ಗುಳ್ಳೆಗಳನ್ನು ಆಗಾಗ ಎಮ್‌ಆರ್‌ಐ ಮಾಡಿ ನೋಡುತ್ತಾ ಇರುತ್ತಾರೆ. ಮುಖ್ಯ ನಾಳವೇ 10 ಮಿಲಿಮೀಟರ್‌ಗೆ ಉಬ್ಬಿದ್ದರೆ ಅಥವಾ ಗುಳ್ಳೆಯಿಂದ ಕಾಮಾಲೆ ಬಂದಿದ್ದರೆ ಆಪರೇಷನ್ ಮಾತು ಬರುತ್ತದೆ. ಸಣ್ಣ ಗುಳ್ಳೆಗೆ ಹೆದರಿ ವಿಪಲ್‌ಗೆ ಓಡಬೇಡಿ, ಎರಡನೇ ಅಭಿಪ್ರಾಯ ತೆಗೆದುಕೊಳ್ಳಿ.

ಗಡ್ಡೆ ನಿಜವಾಗಿದ್ದಾಗ ಕಾಯುವುದು ಬೇರೆ ಕಥೆ. ಆಪಲ್ ಕಂಪನಿಯ ಸ್ಟೀವ್ ಜಾಬ್ಸ್‌ಗೆ ಇದ್ದದ್ದು ನಿಧಾನವಾಗಿ ಬೆಳೆಯುವ ನ್ಯೂರೋಎಂಡೋಕ್ರೈನ್ ಗಡ್ಡೆ. 2003ರಲ್ಲಿ ಗೊತ್ತಾಯಿತು, ಪಥ್ಯ ಅದು ಇದು ಎಂದು ಒಂಬತ್ತು ತಿಂಗಳು ಕಳೆದು 2004ರಲ್ಲಿ ಆಪರೇಷನ್ ಮಾಡಿಸಿಕೊಂಡರು, 2011ರಲ್ಲಿ ತೀರಿಕೊಂಡರು. ಬೇಗ ಮಾಡಿಸಿದ್ದರೆ ಏನಾಗುತ್ತಿತ್ತೋ ಯಾರೂ ಹೇಳಲಾರರು. ಆದರೆ ನಮ್ಮ ಚಿಕ್ಕಮಾವನ "ಯಾವುದೂ ಬೇಡ" ವಾದಕ್ಕೆ ನಾನು ಅವತ್ತು ಕೊಟ್ಟ ಉತ್ತರ ಇದೇ.

ಕ್ಯಾನ್ಸರ್ ಆದವರಲ್ಲಿ ಮೊದಲ ಸಲ ಬಂದಾಗಲೇ ಆಪರೇಷನ್ ಮಾಡಬಹುದಾದ ಸ್ಥಿತಿಯಲ್ಲಿ ಇರುವವರು ನೂರಕ್ಕೆ 15ರಿಂದ 20 ಜನ ಮಾತ್ರ. ಲಿವರ್‌ಗೆ ಹರಡಿದ್ದರೆ ಸಾಮಾನ್ಯವಾಗಿ ಕೊಯ್ಯುವುದಿಲ್ಲ. "ದುಡ್ಡು ಎಷ್ಟಾದರೂ ಸರಿ, ತೆಗೆದುಬಿಡಿ" ಎಂದು ಒತ್ತಾಯಿಸಬೇಡಿ. ಬೇಡ ಎಂದ ಸರ್ಜನ್ ಕೈಬಿಟ್ಟರು ಎಂದಲ್ಲ, ಆಗ ಕೊಯ್ದರೆ ಕೀಮೋ ತೆಗೆದುಕೊಳ್ಳುವ ಶಕ್ತಿಯೂ ಉಳಿಯುವುದಿಲ್ಲ.

ಅತ್ತೆಯದು ಆಂಪುಲಾದ ಗಡ್ಡೆ. ಪಿತ್ತನಾಳವೂ ಪ್ಯಾಂಕ್ರಿಯಾಸ್ ನಾಳವೂ ಸೇರಿ ಕರುಳಿಗೆ ಬಾಯಿ ತೆರೆಯುವ ಜಾಗ ಅದು. ಆಪರೇಷನ್ ಅದೇ ವಿಪಲ್, ಆದರೆ ಬೇಗ ಕಾಮಾಲೆ ಬಂದು ಬೇಗ ಸಿಕ್ಕಿಬೀಳುವುದರಿಂದ ಫಲಿತಾಂಶ ಪ್ಯಾಂಕ್ರಿಯಾಸ್ ಕ್ಯಾನ್ಸರ್‌ಗಿಂತ ಒಳ್ಳೆಯದು. ಪಕ್ಕದ ಬೆಡ್ಡಿನವರ ಕಥೆ ಕೇಳಿ ಎದೆ ಒಡೆದುಕೊಳ್ಳುವ ಮುಂಚೆ ನಿಮ್ಮದು ಯಾವ ಗಡ್ಡೆ ಎಂದು ತಿಳಿದುಕೊಳ್ಳಿ.

ಮೊದಲು ಸ್ಟೆಂಟಾ, ಸೀದಾ ಆಪರೇಷನ್ನಾ?

ಕಾಮಾಲೆ ಇದ್ದರೆ ಇಆರ್‌ಸಿಪಿ (ಬಾಯಿಂದ ಕ್ಯಾಮೆರಾ ನಳಿಗೆ ಇಳಿಸುವುದು) ಮಾಡಿ ಪಿತ್ತನಾಳಕ್ಕೆ ಸ್ಟೆಂಟ್, ಅಂದರೆ ಸಣ್ಣ ಕೊಳವೆ, ಹಾಕಿ, ಬಿಲಿರುಬಿನ್, ಅಂದರೆ ರಕ್ತದಲ್ಲಿ ಕಾಮಾಲೆ ತರುವ ಹಳದಿ ಅಂಶ, ಇಳಿಸಿ ಆಮೇಲೆ ಕೊಯ್ಯುವುದೇ ಸರಿ ಎಂದು ಮನೆಯವರಿಗೆ ಅನ್ನಿಸುತ್ತದೆ. 2010ರಲ್ಲಿ ನೆದರ್ಲೆಂಡ್ಸ್‌ನವರು ಇದನ್ನು ಪರೀಕ್ಷೆ ಮಾಡಿ ನೋಡಿದರು. ಬಿಲಿರುಬಿನ್ ಸುಮಾರು 2.3ರಿಂದ 14.6ರ ಒಳಗಿದ್ದವರಲ್ಲಿ ಸೀದಾ ಆಪರೇಷನ್ ಆದವರಿಗೆ ಗಂಭೀರ ತೊಂದರೆ ಆದದ್ದು ಶೇ. 39, ಮೊದಲು ಸ್ಟೆಂಟ್ ಹಾಕಿಸಿಕೊಂಡವರಿಗೆ ಶೇ. 74. ಅವರು ಬಳಸಿದ್ದು ಪ್ಲಾಸ್ಟಿಕ್ ಸ್ಟೆಂಟ್, ಲೋಹದ್ದು ಅಷ್ಟು ಬೇಗ ಕಟ್ಟಿಕೊಳ್ಳುವುದಿಲ್ಲ, ನಿಜ. ಆದರೂ ಆಪರೇಷನ್ ಮುಂದಿನ ವಾರವೇ ಸಿಗುತ್ತದೆ, ಜ್ವರ ಇಲ್ಲ, ಬಿಲಿರುಬಿನ್ ವಿಪರೀತ ಇಲ್ಲ ಅಂದರೆ "ಸ್ಟೆಂಟ್ ಯಾಕೆ ಬೇಕು" ಎಂದು ಕೇಳುವುದು ನ್ಯಾಯ. ಚಳಿಜ್ವರ ಇದ್ದರೆ, ಬಿಲಿರುಬಿನ್ ತುಂಬಾ ಏರಿದ್ದರೆ, ಅಥವಾ ಮೊದಲು ಕೀಮೋ ಕೊಡುವುದಿದ್ದರೆ ಸ್ಟೆಂಟ್ ಬೇಕೇ ಬೇಕು.

ಜೊತೆಗೆ ಇನ್ನೆರಡು ವಿಷಯ. ಕಾಮಾಲೆ ಇರುವಾಗ ಕ್ಯಾನ್ಸರ್ ಸುಳಿವಿಗೆ ಮಾಡುವ ಸಿಎ 19-9 ರಕ್ತಪರೀಕ್ಷೆ ಸುಮ್ನೆ ಏರಿರಬಹುದು, ಅದೊಂದೇ ನಂಬರ್ ನೋಡಿ ಅಳಬೇಡಿ. ಸ್ಕ್ಯಾನ್‌ನಲ್ಲಿ ಗಡ್ಡೆ ಸ್ಪಷ್ಟವಾಗಿದ್ದು ತೆಗೆಯುವಂತಿದ್ದರೆ ಬಯಾಪ್ಸಿ (ಗಡ್ಡೆಯ ಚೂರು ತೆಗೆದು ಪರೀಕ್ಷೆ) ಇಲ್ಲದೆಯೇ ಆಪರೇಷನ್ ಮಾಡುತ್ತಾರೆ. ಅದು ನಿರ್ಲಕ್ಷ್ಯ ಅಲ್ಲ, ಪದ್ಧತಿಯೇ ಹಾಗೆ. ಕೀಮೋ ಮೊದಲು ಎಂದಾದರೆ ಬಯಾಪ್ಸಿ ಬೇಕು.

ಕೀಮೋ ಮೊದಲಾ, ಆಮೇಲಾ? ಗಡ್ಡೆ ದೊಡ್ಡ ರಕ್ತನಾಳಗಳಿಗೆ ತಾಗಿಕೊಂಡಿದ್ದರೆ ಮೊದಲು ಕೀಮೋ, ಇದರಲ್ಲಿ ಈಗ ಹೆಚ್ಚು ಜಗಳ ಇಲ್ಲ. ಆರಾಮಾಗಿ ತೆಗೆಯಬಹುದಾದ ಗಡ್ಡೆಗೂ ಮೊದಲೇ ಕೀಮೋ ಬೇಕಾ ಎನ್ನುವುದರಲ್ಲಿ ದೊಡ್ಡ ಡಾಕ್ಟರುಗಳೇ ಎರಡು ಗುಂಪು. ಇಬ್ಬರು ಡಾಕ್ಟರ್ ಇಬ್ಬಗೆ ಹೇಳಿದರೆ ಒಬ್ಬರು ಮೋಸ ಮಾಡುತ್ತಿದ್ದಾರೆ ಅಂತಲ್ಲ. ಆಪರೇಷನ್ ಆದಮೇಲೆ ಕೀಮೋ ಮಾತ್ರ ತಪ್ಪಿಸಬೇಡಿ. 2018ರ ಫ್ರಾನ್ಸ್ ಮತ್ತು ಕೆನಡಾದ ಅಧ್ಯಯನದಲ್ಲಿ ಫೋಲ್ಫಿರಿನಾಕ್ಸ್ ಎಂಬ ಕೀಮೋ ತೆಗೆದುಕೊಂಡವರಲ್ಲಿ ಅರ್ಧ ಜನ 54 ತಿಂಗಳಿಗಿಂತ ಜಾಸ್ತಿ ಬದುಕಿದರು, ಹಳೆಯ ಜೆಮ್‌ಸಿಟಬಿನ್ ತೆಗೆದುಕೊಂಡವರಲ್ಲಿ ಅದು 35 ತಿಂಗಳು. ಮೊದಲನೆಯದು ಗಟ್ಟಿ ಔಷಧಿ, ತಡೆದುಕೊಳ್ಳುವ ಮೈ ಬೇಕು. ಅಂದರೆ ಆಪರೇಷನ್ ಆದ ಮೂರು ತಿಂಗಳ ಒಳಗೆ ತಿಂದು, ನಡೆದು, ತೂಕ ಉಳಿಸಿಕೊಂಡಿರಬೇಕು. ಎಲ್ಲ ಬಂದು ನಿಲ್ಲುವುದು ಊಟಕ್ಕೇ. ಅದಕ್ಕೆ ಬರುತ್ತೇನೆ.

ರೋಬೋಟ್, ಲ್ಯಾಪ್ರೋಸ್ಕೋಪಿ, ಓಪನ್

ಡಿಸ್ಟಲ್ ಆದರೆ ನನ್ನ ಮಟ್ಟಿಗೆ ಉತ್ತರ ಸುಲಭ. ತೂತಿನ ಆಪರೇಷನ್ (ಸಣ್ಣ ತೂತುಗಳ ಮೂಲಕ ಮಾಡುವ ಲ್ಯಾಪ್ರೋಸ್ಕೋಪಿ ಅಥವಾ ರೋಬೋಟ್) ಸಾಧ್ಯವಿದ್ದರೆ ಅದೇ ಒಳ್ಳೆಯದು. ಡಚ್ಚರ ಅಧ್ಯಯನದಲ್ಲಿ ಓಪನ್ ಆದವರು ಸುಧಾರಿಸಿಕೊಳ್ಳಲು 6 ದಿನ ಬೇಕಾಯಿತು, ತೂತಿನದು ಆದವರಿಗೆ 4.

ವಿಪಲ್ ಹಾಗಲ್ಲ. ಇಲ್ಲಿ ಮೂರು ಅಧ್ಯಯನಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಕೊಯಮತ್ತೂರಿನ ಸರ್ಜನ್‌ಗಳು 2017ರಲ್ಲಿ 64 ಜನರ ಮೇಲೆ ಹೋಲಿಸಿದಾಗ ಲ್ಯಾಪ್ರೋಸ್ಕೋಪಿ ಆದವರು 7 ದಿನಕ್ಕೆ ಮನೆಗೆ ಹೋದರು, ಓಪನ್ ಆದವರು 13 ದಿನಕ್ಕೆ. ಆಮೇಲೆ ನೆದರ್ಲೆಂಡ್ಸ್‌ನಲ್ಲಿ ಅದೇ ಹೋಲಿಕೆ ಮಾಡಿದರು, ಮಧ್ಯದಲ್ಲೇ ನಿಲ್ಲಿಸಬೇಕಾಯಿತು. ಲ್ಯಾಪ್ರೋಸ್ಕೋಪಿ ಗುಂಪಿನ 50 ಜನರಲ್ಲಿ 5 ಜನ ತೊಂದರೆಯಿಂದ ತೀರಿಕೊಂಡರು, ಓಪನ್‌ನ 49ರಲ್ಲಿ ಒಬ್ಬರು. ಮೂರನೆಯದು ಚೀನಾದ 14 ಆಸ್ಪತ್ರೆಗಳದು, ಕನಿಷ್ಠ 104 ಲ್ಯಾಪ್ರೋಸ್ಕೋಪಿಕ್ ವಿಪಲ್ ಮಾಡಿದ ಸರ್ಜನ್‌ಗಳಿಗೆ ಮಾತ್ರ ಅವಕಾಶ. ಅಲ್ಲಿ ವ್ಯತ್ಯಾಸ ಬಂದದ್ದು 15 ದಿನಕ್ಕೂ 16 ದಿನಕ್ಕೂ, ಅಷ್ಟೇ.

ಯಂತ್ರ ಒಂದೇ, ಕೈ ಬೇರೆ. ಓಪನ್ನಿನಲ್ಲಿ ಪಳಗಿದವರನ್ನು ರೋಬೋಟಿನಲ್ಲಿ ಮಾಡಿ ಎಂದು ನೀವು ಒತ್ತಾಯ ಮಾಡಿದರೆ ಅವರ ಕಲಿಕೆಯ ಖರ್ಚು ನಿಮ್ಮವರ ಹೊಟ್ಟೆಯ ಮೇಲೆ. ರೋಬೋಟ್ ಸಲಹೆ ಕೊಟ್ಟವರನ್ನು "ಸರ್, ನೀವು ರೋಬೋಟಿನಲ್ಲಿ ವಿಪಲ್ ಎಷ್ಟು ಮಾಡಿದ್ದೀರಿ" ಎಂದು ಕೇಳಿ. ಒಳ್ಳೆಯ ಸರ್ಜನ್ ಬೇಜಾರು ಮಾಡಿಕೊಳ್ಳುವುದಿಲ್ಲ, ನಂಬರ್ ಹೇಳುತ್ತಾರೆ. ನಮ್ಮ ಸರ್ಜನ್ "ನನ್ನ ಕೈಗೆ ಓಪನ್ನೇ ಸರಿ ಅಮ್ಮ" ಎಂದರು. ಅವತ್ತೇ ನಮ್ಮ ಮನೆಯ ಜಗಳ ಮುಗಿಯಿತು.

ಊರ ಹತ್ತಿರದ್ದಾ, ದೂರದ ದೊಡ್ಡದ್ದಾ?

ನಿಜವಾದ ಆಯ್ಕೆ ಇದು. 2002ರಲ್ಲಿ ಅಮೆರಿಕದ ಒಂದು ದೊಡ್ಡ ಲೆಕ್ಕ ಬಂತು. ಪ್ಯಾಂಕ್ರಿಯಾಸ್ ಆಪರೇಷನ್ ಬಹಳ ಅಪರೂಪಕ್ಕೆ ಮಾಡುವ ಆಸ್ಪತ್ರೆಗಳಲ್ಲಿ ಸಾವು ಶೇ. 16.3, ವರ್ಷಕ್ಕೆ 16ಕ್ಕಿಂತ ಹೆಚ್ಚು ಮಾಡುವಲ್ಲಿ ಶೇ. 3.8. ಬೇರೆ ಯಾವ ಹೋಲಿಕೆಯಲ್ಲೂ ಇಷ್ಟು ದೊಡ್ಡ ಅಂತರ ನನಗೆ ಕಂಡಿಲ್ಲ. ನೆದರ್ಲೆಂಡ್ಸ್‌ನಲ್ಲಿ ವರ್ಷಕ್ಕೆ ಕನಿಷ್ಠ 20 ಮಾಡದ ಆಸ್ಪತ್ರೆ ಈ ಕೆಲಸಕ್ಕೆ ಕೈಹಾಕುವಂತಿಲ್ಲ ಎಂದೇ ನಿಯಮ. ನಮ್ಮಲ್ಲಿ ಅಂಥ ನಿಯಮ ಇಲ್ಲದಿರುವುದರಿಂದ ಲೆಕ್ಕ ನೀವೇ ಕೇಳಬೇಕು.

ದೊಡ್ಡ ಕೇಂದ್ರದಲ್ಲಿ ತೊಂದರೆ ಆಗುವುದೇ ಇಲ್ಲ ಅಂತಲ್ಲ. ವಿಪಲ್ ಆದಮೇಲೆ ಹತ್ತರಲ್ಲಿ ನಾಲ್ಕು ಜನಕ್ಕೆ ಏನಾದರೂ ಒಂದು ಆಗುತ್ತದೆ, ಎಲ್ಲೇ ಮಾಡಿಸಿ. ಆದಾಗ ಹಿಡಿದು ನಿಲ್ಲಿಸುವವರು ಅಲ್ಲಿರುತ್ತಾರೆ, ವ್ಯತ್ಯಾಸ ಅದು. ಹಾಗಾಗಿ ನನ್ನ ಎರಡನೇ ಪ್ರಶ್ನೆ, ರಾತ್ರಿ ಹೊಟ್ಟೆಯೊಳಗೆ ರಕ್ತ ಸೋರಿದರೆ ತೊಡೆಯ ರಕ್ತನಾಳದಿಂದ ತಂತಿ ಹಾಕಿ ನಿಲ್ಲಿಸುವ ಇಂಟರ್‌ವೆನ್ಷನಲ್ ರೇಡಿಯಾಲಜಿ ಡಾಕ್ಟರ್ ಇದೇ ಕಟ್ಟಡದಲ್ಲಿ ಸಿಗುತ್ತಾರಾ? ಭಾನುವಾರವೂ? ಸಿಂಗಲ್ ರೂಮ್ ಇದೆಯಾ ಎಂದು ಕೇಳುವ ಮೊದಲು ಇದನ್ನು ಕೇಳಿ.

ದುಡ್ಡಿನ ಮಾತು ಚುಟುಕಾಗಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಆದರೆ ಪ್ಯಾಕೇಜಿನ ಶೇ. 30, ವರ್ಷಕ್ಕೆ 1.5 ಲಕ್ಷದ ಮಿತಿ. ಅಡ್ಮಿಟ್ ಆಗುವ ಮೊದಲೇ ಆಸ್ಪತ್ರೆಯ ಆರೋಗ್ಯಮಿತ್ರರ ಹತ್ತಿರ ಕೂತು ರೆಫರಲ್ ಪತ್ರ, ಅನುಮತಿ ಎಲ್ಲ ಮುಗಿಸಿ. ಸರ್ಕಾರಿ ವ್ಯವಸ್ಥೆಯಲ್ಲಿ ಬೆಂಗಳೂರಿನಲ್ಲಿ ಕಿದ್ವಾಯಿ ಇದೆ, ವಿಕ್ಟೋರಿಯಾ ಆವರಣದ ಗ್ಯಾಸ್ಟ್ರೋಎಂಟರಾಲಜಿ ಸಂಸ್ಥೆ ಇದೆ. ಕ್ಯೂ ಉದ್ದ ಇರಬಹುದು, ಕೇಳದೆ ಬಿಡಬೇಡಿ.

ಆಸ್ಪತ್ರೆಯ ದಿನಗಳು

ಒಂದೆರಡು ದಿನ ಐಸಿಯು, ಎಲ್ಲ ಸರಿಹೋದರೆ ಒಟ್ಟು ಏಳರಿಂದ ಹದಿನಾಲ್ಕು ದಿನ. ಮೂಗಿನಲ್ಲಿ ನಳಿಗೆ, ಬೆನ್ನಿನಲ್ಲಿ ನೋವಿನ ಔಷಧಿಯ ನಳಿಗೆ, ಮೂತ್ರಕ್ಕೆ ಒಂದು, ಹೊಟ್ಟೆಯ ಪಕ್ಕ ಒಂದೆರಡು ಡ್ರೇನ್, ಅಂದರೆ ಒಳಗಿನ ನೀರು ಹೊರಗೆ ಬಿಡುವ ನಳಿಗೆ. ಮೊದಲ ಸಲ ನೋಡಿದಾಗ ನಮ್ಮ ಯಜಮಾನರು ಗೋಡೆ ಹಿಡಿದುಕೊಂಡು ನಿಂತರು. ಹೋಗುವವರಿಗೆ ಮೊದಲೇ ಹೇಳಿಡಿ.

ಮಾರನೇ ದಿನವೇ ಎಬ್ಬಿಸಿ ನಡೆಸುತ್ತಾರೆ. "ಪಾಪ, ಮಲಗಲಿ ಬಿಡಿ" ಎನ್ನಬೇಡಿ. ಮೂರು ಚೆಂಡಿನ ಪ್ಲಾಸ್ಟಿಕ್ ಡಬ್ಬಿ ಕೊಡುತ್ತಾರಲ್ಲ, ಅದರಲ್ಲಿ ಊದಬಾರದು, ಉಸಿರು ಒಳಗೆ ಎಳೆಯಬೇಕು. ಅತ್ತೆ ಎರಡು ದಿನ ಒಲೆ ಊದಿದ ಹಾಗೆ ಊದಿ, ಚೆಂಡು ಏಳಲೇ ಇಲ್ಲ ಎಂದು ಬೇಜಾರು ಮಾಡಿಕೊಂಡಿದ್ದರು.

ಡ್ರೇನಿನ ಬಣ್ಣ ನೋಡುವುದನ್ನು ಕಲಿಯಿರಿ. ಮೂರನೇ ದಿನ ಆ ನೀರನ್ನು ಅಮೈಲೇಸ್ (ಪ್ಯಾಂಕ್ರಿಯಾಸ್ ರಸದಲ್ಲಿರುವ ಎಂಜೈಮ್) ಪರೀಕ್ಷೆಗೆ ಕಳಿಸುತ್ತಾರೆ. ಜಾಸ್ತಿ ಬಂದರೆ ಲೀಕ್ ಇದೆ ಅಂತ. ಹೆಚ್ಚಿನ ಲೀಕ್‌ಗಳು ಡ್ರೇನ್ ಇಟ್ಟುಕೊಂಡೇ ವಾಸಿಯಾಗುತ್ತವೆ, ಡ್ರೇನ್ ಜೊತೆಯೇ ಮನೆಗೆ ಕಳಿಸಿದರೂ ಹೆದರಬೇಡಿ. ನಾನು ಗೀಟು ಹಾಕಿದ ಜಾರ್ ಇಟ್ಟುಕೊಂಡು ದಿನಾ ಬೆಳಿಗ್ಗೆ ಏಳಕ್ಕೆ ಅಳೆದು ಹಾಲಿನ ಲೆಕ್ಕದ ಪುಸ್ತಕದಲ್ಲೇ ಬರೆಯುತ್ತಿದ್ದೆ. ಆದರೆ ಒಂದು ವಾರ ಕಳೆದಮೇಲೆ ಡ್ರೇನಿನಲ್ಲಿ ಕೆಂಪು ರಕ್ತ ಬಂದರೆ, ನಾಲ್ಕೇ ಹನಿ ಆದರೂ, ತಾನಾಗಿ ನಿಂತರೂ, ತಕ್ಷಣ ಹೊರಡಿ. ದೊಡ್ಡ ರಕ್ತಸ್ರಾವಕ್ಕೆ ಮುಂಚೆ ಹೀಗೆ ಸಣ್ಣದಾಗಿ ಎಚ್ಚರಿಕೆ ಬರುವುದುಂಟು.

ಇನ್ನೊಂದು ಸಾಮಾನ್ಯ ಕಾಟ, ಜಠರ ಮುಷ್ಕರ ಹೂಡುವುದು. ಹಸಿವಿಲ್ಲ, ಎರಡು ಚಮಚ ಗಂಜಿಗೇ ವಾಂತಿ, ಮೂಗಿನ ನಳಿಗೆ ಮತ್ತೆ ಹಾಕಬೇಕು. ಅತ್ತೆಗೆ ಹನ್ನೊಂದು ದಿನ ಹೀಗಾಯಿತು. ನೋಡುವವರಿಗೆ ಆಪರೇಷನ್ನೇ ಫೇಲ್ ಆಯಿತು ಅನ್ನಿಸುತ್ತದೆ. ಹನ್ನೆರಡನೇ ದಿನ ಬೆಳಿಗ್ಗೆ ಅವರೇ "ಒಂದು ಇಡ್ಲಿ ಸಿಗುತ್ತಾ" ಎಂದು ಕೇಳಿದರು.

ಮನೆಯಲ್ಲಿ: ಪಥ್ಯವಾ, ಮಾತ್ರೆಯಾ?

ಡಿಸ್ಚಾರ್ಜ್ ಮಾಡುವಾಗ ನಮಗೆ ಗಾಯ, ಇಂಜೆಕ್ಷನ್, ಮುಂದಿನ ತಾರೀಖು ಎಲ್ಲ ಹೇಳಿದರು. ಊಟ ಅರಗಿಸುವ ಪ್ಯಾಂಕ್ರಿಯಾಸ್ ರಸಕ್ಕೆ ಬದಲಾಗಿ ಕೊಡುವ ಎಂಜೈಮ್ ಮಾತ್ರೆಯ ಮಾತು ಯಾರೂ ಸರಿಯಾಗಿ ಆಡಲಿಲ್ಲ. ಚೀಟಿಯಲ್ಲಿ ಒಂದು ಸಾಲಿತ್ತು, ದಿನಕ್ಕೆ ಮೂರು, ಅಷ್ಟೇ. ನಾವೋ, ದೊಡ್ಡ ಆಪರೇಷನ್ ಆಗಿದೆ ಎಂದು ಎಣ್ಣೆ, ತುಪ್ಪ, ತೆಂಗಿನಕಾಯಿ ಎಲ್ಲ ನಿಲ್ಲಿಸಿ ಬರೀ ಗಂಜಿ, ಬೇಯಿಸಿದ ತರಕಾರಿ. ಎರಡು ತಿಂಗಳಲ್ಲಿ ಒಂಬತ್ತು ಕಿಲೋ ಇಳಿದರು. ಬಳೆ ಮೊಣಕೈವರೆಗೆ ಜಾರುತ್ತಿತ್ತು. ಕ್ಯಾನ್ಸರ್ ವಾಪಸ್ ಬಂತೇನೋ ಎಂದು ನಾವು ಒಳಗೊಳಗೇ ಸಾಯುತ್ತಿದ್ದೆವು.

ಒಂದು ದಿನ ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಅತ್ತೆ ಬಾಗಿಲಲ್ಲಿ ನಿಂತು ಆ ಪಾತ್ರೆಯನ್ನೇ ನೋಡುತ್ತಿದ್ದರು. "ನಂಗೂ ಹಂಗೇ ಆಗ್ತದೆ ಕಣಮ್ಮ" ಎಂದರು. ಏನು ಹಂಗೆ? ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಮುಖ ಆ ಕಡೆ ತಿರುಗಿಸಿಕೊಂಡು ಹೇಳಿದರು, ಕಕ್ಕಸಿನಲ್ಲಿ ನೀರಿನ ಮೇಲೆ ಎಣ್ಣೆ ತೇಲುತ್ತದೆ, ಎಷ್ಟು ನೀರು ಹಾಕಿದರೂ ಹೋಗುವುದಿಲ್ಲ, ವಾಸನೆ ಬೇರೆ, ನಿನಗೆ ಹೇಗೆ ಹೇಳಲಿ. ಎರಡು ತಿಂಗಳು ಸೊಸೆಗೆ ಹೇಳಲು ನಾಚಿಕೆ.

ಅದೇ ಸುಳಿವು. ತಿಂದ ಕೊಬ್ಬು ಅರಗದೆ ಹಾಗೇ ಹೋಗುತ್ತಿದೆ. ದಯವಿಟ್ಟು ನೀವೇ ಬಾಯಿಬಿಟ್ಟು ಕೇಳಿ: ತೇಲುತ್ತಾ, ಅಂಟುತ್ತಾ, ಹೊಟ್ಟೆ ಉಬ್ಬರಿಸುತ್ತಾ?

ಪಥ್ಯಕ್ಕೂ ಮಾತ್ರೆಗೂ ಹೋಲಿಸಿದರೆ ಮಾತ್ರೆಯೇ ಗೆಲ್ಲುತ್ತದೆ. ಕೊಬ್ಬು ನಿಲ್ಲಿಸಿದರೆ ಲಕ್ಷಣ ಮುಚ್ಚಿಹೋಗುತ್ತದೆ, ಮೈ ಸೊರಗುತ್ತದೆ, ಎ, ಡಿ, ಇ, ಕೆ ವಿಟಮಿನ್ನುಗಳೂ ಹೋಗುತ್ತವೆ. ಸರಿಯಾದ ಪ್ರಮಾಣದ ಎಂಜೈಮ್ ತೆಗೆದುಕೊಂಡು ತುಪ್ಪ ಹಾಕಿಕೊಂಡೇ ಉಣ್ಣಬಹುದು. ಸಾಮಾನ್ಯವಾಗಿ ಊಟಕ್ಕೆ 40,000ದಿಂದ 50,000 ಯೂನಿಟ್, ತಿಂಡಿಗೆ ಅದರ ಅರ್ಧದಿಂದ ಶುರು ಮಾಡಿ, ಸಾಲದಿದ್ದರೆ ಡಾಕ್ಟರ್ ಏರಿಸುತ್ತಾರೆ. ಕ್ಯಾಪ್ಸೂಲ್ ಮೇಲೆ 10,000, 25,000 ಎಂದು ಬರೆದಿರುತ್ತದೆ, ಓದಿ ತೆಗೆದುಕೊಳ್ಳಿ. ನಮ್ಮ ಚೀಟಿಯಲ್ಲಿದ್ದದ್ದು 10,000ದ್ದು. ಸಾಲುತ್ತದಾ ಹೇಳಿ.

ಇನ್ನು ತೆಗೆದುಕೊಳ್ಳುವ ಹೊತ್ತು. ಊಟಕ್ಕೆ ಅರ್ಧ ಗಂಟೆ ಮೊದಲೂ ಅಲ್ಲ, ಕೈ ತೊಳೆದಮೇಲೂ ಅಲ್ಲ. ಮೊದಲ ತುತ್ತಿನ ಜೊತೆ. ಎರಡಿದ್ದರೆ ಇನ್ನೊಂದು ಊಟದ ಮಧ್ಯೆ. ತಣ್ಣೀರಿನಲ್ಲಿ ನುಂಗಬೇಕು, ಬಿಸಿ ಕಾಫಿಯಲ್ಲಿ ಬೇಡ, ಬಿಸಿಗೆ ಎಂಜೈಮ್ ಕೆಡುತ್ತದೆ. ಅಗಿಯಬಾರದು. ಬರೀ ಹಣ್ಣಿಗೆ, ಕರಿಕಾಫಿಗೆ ಬೇಕಾಗಿಲ್ಲ, ಒಂದು ಲೋಟ ಹಾಲಿಗೆ ಬೇಕು. ಮೊದಮೊದಲು ನಾರು ಜಾಸ್ತಿ ಇರುವುದನ್ನು ಕಡಿಮೆ ಮಾಡಿ. ಮುದ್ದೆ, ಸೊಪ್ಪಿನ ಪಲ್ಯ ಹೊಟ್ಟೆ ತುಂಬಿಸಿಬಿಡುತ್ತವೆ, ಶಕ್ತಿ ಸಾಲದು. ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ ಕೊಡಿ.

ಮುಜುಗರದ ಒಂದು ವಿಷಯ ಹೇಳಲೇಬೇಕು. ಈ ಎಂಜೈಮ್ ಹಂದಿಯ ಪ್ಯಾಂಕ್ರಿಯಾಸ್‌ನಿಂದ ಬರುತ್ತದೆ. ನಮ್ಮದು ಮೊಟ್ಟೆಯೂ ಬರದ ಮನೆ. ಮುಚ್ಚಿಟ್ಟು ಕೊಡುವ ಯೋಚನೆಯೂ ಬಂದಿತ್ತು, ಆದರೆ ಅದು ಸರಿ ಅನ್ನಿಸಲಿಲ್ಲ, ಹೇಳಿದೆವು. ಅತ್ತೆ ಒಂದು ರಾತ್ರಿ ಯೋಚನೆ ಮಾಡಿ "ಔಷಧಿಗೆ ಮಡಿ ಇಲ್ಲ" ಎಂದರು. ನಿಮ್ಮ ಮನೆಯವರು ಬೇರೆ ಹೇಳಬಹುದು, ಅದು ಅವರ ನಿರ್ಧಾರ. ಡಾಕ್ಟರ್ ಹತ್ತಿರ ಮಾತಾಡಿ, ಹೇಳದೆ ಮಾತ್ರೆ ಬಿಟ್ಟುಬಿಡಬೇಡಿ. ತಿಂಗಳಿಗೆ ಸಾವಿರಾರು ರೂಪಾಯಿ ಆಗುತ್ತದೆ, ಹೆಚ್ಚಿನವರಿಗೆ ಜೀವನಪೂರ್ತಿ ಬೇಕು. ಆಪರೇಷನ್ ಖರ್ಚು ಹಾಕುವಾಗಲೇ ಇದನ್ನೂ ಸೇರಿಸಿ.

ಡೋಸ್ ಸರಿಯಾದ ಮೇಲೆ ಆರು ವಾರಕ್ಕೆ ನಾಲ್ಕು ಕಿಲೋ ವಾಪಸ್ ಬಂತು. ಈಗ ಕ್ಯಾಪ್ಸೂಲ್‌ಗಳು ಅತ್ತೆಯ ಎಲೆಅಡಿಕೆ ಸಂಚಿಯಲ್ಲಿ ಸುಣ್ಣದ ಡಬ್ಬಿಯ ಪಕ್ಕ ಇರುತ್ತವೆ. ಹೋದ ತಿಂಗಳು ತಿಪಟೂರಿನಲ್ಲಿ ಮದುವೆ. ಎಲೆ ಹಾಕಿ ಪಾಯಸ ಬರುವಾಗ ಒಂದು, ಹೋಳಿಗೆಗೆ ತುಪ್ಪ ಬಿಡುವಾಗ ಇನ್ನೊಂದು ನುಂಗಿದರು. ಬಡಿಸುವವರು ಎರಡನೇ ಸಲ ಹೋಳಿಗೆ ತಂದಾಗ ಅತ್ತೆ ನನ್ನ ಕಡೆ ತಿರುಗಿ, "ಇನ್ನೊಂದು ಹಾಕಿಸ್ಕೊಂಡ್ರೆ ಇನ್ನೊಂದು ಮಾತ್ರೆ ಬೇಕಾ?" ಎಂದು ಕೇಳಿದರು. ಬೇಕು ಎಂದೆ. ಸಂಚಿ ಬಿಚ್ಚಿದರು.